ತಪ್ಪು ವಾಕ್ಯದೊಳಗಿನ ಕನ್ನಡ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಪ್ರೌಢಶಾಲೆಯ ಹುಡುಗನೊಬ್ಬ ಇಂಗ್ಲಿಷ್ ಪರೀಕ್ಷೆಗೆ ಕುಳಿತು ತನ್ನ ವಿಷಯವಾಗಿ ಹತ್ತು ಸಾಲು ಬರೆಯುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. (ದಕ್ಷಿಣ ಕನ್ನಡದಲ್ಲಿಯೂ ಒಂದು ಕಡಬವಿದೆ. ಇದು ಶಿಂಷೆಯ ನೀರು ನಿಲ್ಲುವ ದೊಡ್ಡ ಕೆರೆಯಿರುವ ತುಮಕೂರು ಸೀಮೆಯ ಕಡಬ.) ಮೊದಲ ಸಾಲಿನಲ್ಲಿ ತನ್ನ ಹೆಸರು, ಎರಡನೆಯದರಲ್ಲಿ ತಂದೆಯ ಹೆಸರು. ಮೂರನೆಯ ಸಾಲು ಹೀಗಿದೆ: ‘ಐ ಆಮ್ ಲಿವಿಂಗ್ ಇನ್ ಕಡಬ ಸಿನ್ಸ್ ಟೆನ್ ಇಯರ್ಸ್.’ ಉಪಾಧ್ಯಾಯರ ಕೆಂಪು ಶಾಯಿ ಈ ಸಾಲಿನಲ್ಲಿ ಎರಡು ಕಡೆ ನಿಲ್ಲುತ್ತದೆ. ‘ಆಮ್ ಲಿವಿಂಗ್’ ಹೋಗಿ ‘ಹ್ಯಾವ್ ಬೀನ್ ಲಿವಿಂಗ್’ ಬರುತ್ತದೆ. ‘ಸಿನ್ಸ್’ ಹೋಗಿ ‘ಫಾರ್’ ಬರುತ್ತದೆ. ಅಂಕ ಕಡಿಮೆಯಾಗುತ್ತದೆ. ಏಕೆ ಎಂದು ಹುಡುಗ ಕೇಳುವುದಿಲ್ಲ. ಕೇಳಿದರೆ ಸಿಗುವ ಉತ್ತರವೂ ಬಹುಮಟ್ಟಿಗೆ ಗೊತ್ತಿರುವುದೇ: ‘ಅದು ಹಾಗೇ ಕಣಪ್ಪ, ಬಾಯಿಪಾಠ ಮಾಡು.’

ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ಇದೇ ವಯಸ್ಸಿನ ಹುಡುಗನೊಬ್ಬ ಇದೇ ಹತ್ತು ಸಾಲು ಬರೆದರೆ ಅವನ ಮೂರನೆಯ ಸಾಲು ‘ಐ ಲಿವ್ ಇನ್ ಮ್ಯಾಡ್ರಿಡ್ ಸಿನ್ಸ್ ಟೆನ್ ಇಯರ್ಸ್’ ಎಂದಾಗುವ ಸಂಭವ ಬಹಳ. ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಅಧ್ಯಾಪಕರೆಲ್ಲರೂ ಬಲ್ಲ ತಪ್ಪು ಇದು. ಕಡಬದ ಹುಡುಗ ಸ್ಪ್ಯಾನಿಷ್ ಕೇಳಿದವನಲ್ಲ, ಮ್ಯಾಡ್ರಿಡ್ಡಿನವನಿಗೆ ಕನ್ನಡವೆಂಬ ಭಾಷೆ ಇರುವುದೇ ಗೊತ್ತಿಲ್ಲದಿರಬಹುದು. ಆದರೂ ಇಬ್ಬರೂ ಎಡವಿದ್ದು ಒಂದೇ ಹೊಸ್ತಿಲಿನಲ್ಲಿ. ಇದನ್ನು ಅಜಾಗರೂಕತೆ ಎಂದು ತಳ್ಳಿಹಾಕಲು ಬರುವುದಿಲ್ಲ.

‘ಹತ್ತು ವರ್ಷದಿಂದ ಕಡಬದಲ್ಲಿ ಇದ್ದೇನೆ’ ಎನ್ನುತ್ತದೆ ಕನ್ನಡ. ಇರುವುದು ಈಗಲೂ ನಡೆದಿದೆ, ಆದ್ದರಿಂದ ಕ್ರಿಯಾಪದ ವರ್ತಮಾನದಲ್ಲಿದೆ. ಹತ್ತು ವರ್ಷದ ಲೆಕ್ಕವನ್ನು ‘ಇಂದ’ ಎಂಬ ಪ್ರತ್ಯಯ ನೋಡಿಕೊಳ್ಳುತ್ತದೆ. ಸ್ಪ್ಯಾನಿಷ್ ಕೂಡ ಹೀಗೆಯೇ ‘ವಾಸಿಸುತ್ತೇನೆ’ ಎಂಬ ವರ್ತಮಾನವನ್ನೇ ಇಟ್ಟುಕೊಂಡು, ‘ಇಂದ’ ಎನ್ನುವುದಕ್ಕೆ ‘ದೆಸ್ದೆ’ ಎಂಬ ಮಾತನ್ನು ಮುಂದೆ ಸೇರಿಸುತ್ತದೆ. ಇಂಗ್ಲಿಷಿನ ನೋಟ ಬೇರೆ. ಹಿಂದೆ ಆರಂಭವಾಗಿ ಇಂದಿನವರೆಗೆ ಹರಿದು ಬಂದದ್ದನ್ನು ಅದು ವರ್ತಮಾನಕ್ಕೂ ಬಿಡುವುದಿಲ್ಲ, ಭೂತಕ್ಕೂ ಬಿಡುವುದಿಲ್ಲ. ಎರಡಕ್ಕೂ ಸೇತುವೆಯಾಗುವ ‘ಹ್ಯಾವ್ ಬೀನ್’ ಎಂಬ ಮೂರನೆಯ ರೂಪವನ್ನು ಕೇಳುತ್ತದೆ. ‘ಸಿನ್ಸ್’ ಮತ್ತು ‘ಫಾರ್’ ಗೊಂದಲದ ಮೂಲವೂ ಇಲ್ಲೇ ಇದೆ. ‘ಸೋಮವಾರದಿಂದ ಜ್ವರ’, ‘ಮೂರು ದಿನದಿಂದ ಜ್ವರ’ ಎರಡಕ್ಕೂ ಕನ್ನಡದಲ್ಲಿ ಒಂದೇ ‘ಇಂದ’ ಸಾಕು. ಇಂಗ್ಲಿಷಿಗೆ ಮೊದಲನೆಯದು ಆರಂಭದ ಬಿಂದು, ಎರಡನೆಯದು ಅವಧಿಯ ಉದ್ದ. ಆದ್ದರಿಂದ ಒಂದಕ್ಕೆ ‘ಸಿನ್ಸ್’, ಇನ್ನೊಂದಕ್ಕೆ ‘ಫಾರ್’. ಹುಡುಗ ‘ಇಂದ’ ಎನ್ನುವುದಕ್ಕೆ ‘ಸಿನ್ಸ್’ ಎಂದು ಒಮ್ಮೆ ಕಲಿತ; ಎಲ್ಲ ‘ಇಂದ’ಗಳಿಗೂ ಅದನ್ನೇ ನಿಷ್ಠೆಯಿಂದ ಹಾಕಿದ. ಅವನ ಸಾಲು ಇಂಗ್ಲಿಷಾಗಿ ತಪ್ಪು. ಅದರೊಳಗಿನ ವ್ಯಾಕರಣ ಮಾತ್ರ ಅಚ್ಚುಕಟ್ಟಾದ ಕನ್ನಡದ್ದು.

ಒಂದು ಭಾಷೆಯ ಕಣ್ಣಿನಿಂದ ಇನ್ನೊಂದನ್ನು ನೋಡುವ ಈ ಕಷ್ಟ ಗುಬ್ಬಿಯ ಸೀಮೆಗೆ ಹೊಸತಲ್ಲ. 1830ರ ದಶಕದಲ್ಲಿ ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ತನ್ನ ಕೇಂದ್ರವನ್ನು ತೆರೆದಾಗ ಅಲ್ಲಿಗೆ ಬಂದವರಲ್ಲಿ ಥಾಮಸ್ ಹಾಡ್ಸನ್ ಒಬ್ಬರು. 1839ರಲ್ಲಿ ಇಂಗ್ಲೆಂಡಿನಿಂದ ಹೊರಟು ಬಂದ ವಿಲಿಯಂ ಆರ್ಥರ್ ಎಂಬ ತರುಣ ಕೂಡ ಗುಬ್ಬಿಯಲ್ಲಿದ್ದು, ಕಣ್ಣಿನ ತೊಂದರೆಯಿಂದಾಗಿ ಬೇಗನೆ ಹಿಂದಿರುಗಿ, 1847ರಲ್ಲಿ ಮೈಸೂರು ಸೀಮೆಯ ಅನುಭವಗಳನ್ನು ಕುರಿತು ಪುಸ್ತಕ ಬರೆದರು. ಹಾಡ್ಸನ್ ಅವರು ಇಂಗ್ಲಿಷ್ ಬಲ್ಲವರಿಗಾಗಿ ಬರೆದ ಕನ್ನಡ ವ್ಯಾಕರಣ 1859ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು ವಿಲಿಯಂ ಕೇರಿಯ ವ್ಯಾಕರಣ 1817ರಲ್ಲಿ ಸೆರಾಂಪುರದಿಂದಲೂ, ಮ್ಯಾಕೆರೆಲ್ಲನದು 1820ರಲ್ಲಿ ಮದರಾಸಿನಿಂದಲೂ ಬಂದಿದ್ದವು. ಕಿಟ್ಟೆಲ್ ಅವರ ದೊಡ್ಡ ವ್ಯಾಕರಣ ಬಂದದ್ದು 1903ರಲ್ಲಿ.

ಈ ಪುಸ್ತಕಗಳ ಉದ್ದೇಶ ಮತಪ್ರಚಾರ, ಆಡಳಿತ, ಪಾಂಡಿತ್ಯ ಏನೇ ಇರಲಿ, ಅವುಗಳನ್ನು ಓದುವವನ ತಲೆಯಲ್ಲಿ ಆಗಲೇ ಒಂದು ಭಾಷೆ ಕುಳಿತಿದೆ ಎಂಬುದನ್ನು ಅವು ಮರೆಯಲಿಲ್ಲ. ಇಂಗ್ಲಿಷಿನವನಿಗೆ ಕನ್ನಡದಲ್ಲಿ ಯಾವುದು ತಲೆಕೆಳಗಾಗಿ ಕಾಣುತ್ತದೆಯೋ ಅದನ್ನೇ ಹಿಡಿದು ವಿವರಿಸಬೇಕಾಗಿತ್ತು. ಅತ್ತಲಿಂದ ಇತ್ತ ಬರುವವನಿಗೆ ಸಿಕ್ಕ ಈ ಉಪಚಾರ ಇತ್ತಲಿಂದ ಅತ್ತ ಹೋಗುವ ಕನ್ನಡದ ಹುಡುಗನಿಗೆ ಅಷ್ಟಾಗಿ ಸಿಗಲಿಲ್ಲ. ಅವನ ಕೈಗೆ ಬಂದದ್ದು ‘ರೆನ್ ಅಂಡ್ ಮಾರ್ಟಿನ್’. ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದ, ಮುಂದೆ ‘ಬೋ ಗೆಸ್ಟ್’ ಎಂಬ ಸಾಹಸ ಕಾದಂಬರಿಯಿಂದ ಹೆಸರಾದ ಪಿ.ಸಿ. ರೆನ್ ಅವರ ಹೆಸರು ಹೊತ್ತ ಈ ಪುಸ್ತಕವನ್ನು ತಲೆಮಾರುಗಟ್ಟಲೆ ಭಾರತೀಯರು ಓದಿದ್ದಾರೆ. ನಿಯಮಗಳು ಅದರಲ್ಲಿ ಸಾಲುಸಾಲಾಗಿ ನಿಂತಿವೆ. ಓದುವವನಿಗೆ ಮನೆಯಲ್ಲಿ ಬೇರೊಂದು ಮಾತಿದೆ ಎಂಬ ಸುಳಿವು ಮಾತ್ರ ಇಲ್ಲ. ಇನ್ನು ಬಸ್ ನಿಲ್ದಾಣದ ಅಂಗಡಿಯಲ್ಲಿ ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕಗಳು. ಅವು ಕನ್ನಡ ವಾಕ್ಯವನ್ನೂ ಇಂಗ್ಲಿಷ್ ವಾಕ್ಯವನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸುತ್ತವೆ, ಪರಸ್ಪರ ಪರಿಚಯ ಮಾಡಿಸುವುದಿಲ್ಲ.

ಪರಿಚಯ ಮಾಡಿಸಿದರೆ ಏನು ಕಾಣುತ್ತದೆ? ‘ನಿನ್ನೆ ಗುಬ್ಬಿಯಿಂದ ಬಂದ ಬಸ್ಸು’ ಎಂಬ ಮಾತನ್ನು ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಇದು ‘ದಿ ಬಸ್ ವಿಚ್ ಕೇಮ್ ಫ್ರಮ್ ಗುಬ್ಬಿ ಯಸ್ಟರ್ಡೇ’. ಕನ್ನಡದ್ದನ್ನು ಬಿಡಿಸಿ ಬರೆದರೆ ನಿನ್ನೆ, ಗುಬ್ಬಿ, ಇಂದ, ಬಂದ್, ಅ, ಬಸ್ಸು. ಇದನ್ನು ಕೊನೆಯಿಂದ ಮೊದಲಿಗೆ ಓದುತ್ತ ಬನ್ನಿ: ಬಸ್ಸು ಎಂದರೆ ‘ಬಸ್’, ಆ ಪುಟ್ಟ ‘ಅ’ಕಾರವೇ ‘ವಿಚ್’, ಬಂದ್ ಎಂಬುದು ‘ಕೇಮ್’, ಇಂದ ‘ಫ್ರಮ್’, ಆಮೇಲೆ ಗುಬ್ಬಿ, ಕೊನೆಗೆ ನಿನ್ನೆ. ಮೊದಲಲ್ಲಿರುವ ‘ದಿ’ ಒಂದನ್ನು ಬಿಟ್ಟರೆ ಇಂಗ್ಲಿಷ್ ವಾಕ್ಯ ಕನ್ನಡದ ಕನ್ನಡಿಯ ಬಿಂಬದಂತೆ ಚಾಚೂ ತಪ್ಪದೆ ಹಿಂದುಮುಂದಾಗಿದೆ. ಇಷ್ಟು ಕ್ರಮಬದ್ಧವಾಗಿ ತಲೆಕೆಳಗಾಗಿರುವುದನ್ನು ಒಮ್ಮೆ ಕಪ್ಪು ಹಲಗೆಯ ಮೇಲೆ ತೋರಿಸಿದರೆ ಮಗುವಿಗೆ ಅದು ಒಗಟು ಬಿಡಿಸಿದ ಹಾಗೆ. ತೋರಿಸದಿದ್ದರೆ ಪ್ರತಿಸಲವೂ ಕತ್ತಲಲ್ಲಿ ತಡಕಾಟ.

ಈ ವಿಷಯದಲ್ಲಿ ಮ್ಯಾಡ್ರಿಡ್ಡಿನ ಹುಡುಗ ಪುಣ್ಯವಂತ. ಸ್ಪ್ಯಾನಿಷ್ ಕೂಡ ಇಂಗ್ಲಿಷಿನಂತೆ ಬಸ್ಸನ್ನು ಮೊದಲು ಹೇಳಿ ಅದು ಎಂಥದೆಂಬ ವಿವರವನ್ನು ಆಮೇಲೆ ಹೇಳುತ್ತದೆ. ಅವನು ಹೆಚ್ಚು ಯೋಚಿಸದೆ ಮಾಡುವ ಕೆಲಸಕ್ಕೆ ಕಡಬದವನು ಇಡೀ ಮಾತನ್ನು ಮನಸ್ಸಿನಲ್ಲೇ ಮಗುಚಿ ಹಾಕಬೇಕು. ಹಾಗಾದರೆ ಇಲ್ಲಿ ಕನ್ನಡದವನ ತಪ್ಪುಗಳೇ ಹೆಚ್ಚಿರಬೇಕಲ್ಲ? ಸ್ವಾರಸ್ಯವಿರುವುದು ಇಲ್ಲೇ. 1974ರಲ್ಲಿ ಜಾಕ್ವೆಲಿನ್ ಶಾಕ್ಟರ್ ಎಂಬ ಅಮೆರಿಕದ ಭಾಷಾತಜ್ಞೆ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಬರೆದ ಇಂಗ್ಲಿಷನ್ನು ಪರೀಕ್ಷಿಸಿದರು. ಇಂಥ ವಾಕ್ಯಗಳಲ್ಲಿ ಚೀನಾ, ಜಪಾನುಗಳ ವಿದ್ಯಾರ್ಥಿಗಳು ಪರ್ಷಿಯನ್ ಮತ್ತು ಅರಬ್ಬೀ ಮಾತಿನವರಿಗಿಂತ ಕಡಿಮೆ ತಪ್ಪು ಮಾಡಿದ್ದರು. ಕಾರಣ ಸರಳ: ಕಷ್ಟವೆಂದು ಅಂಥ ವಾಕ್ಯಗಳ ಗೋಜಿಗೇ ಅವರು ಹೆಚ್ಚಾಗಿ ಹೋಗಿರಲಿಲ್ಲ. ಜಪಾನಿ ಭಾಷೆ ಈ ವಿಷಯದಲ್ಲಿ ಕನ್ನಡದ ಜಾತಿಯದೇ. ವಿವರಣೆ ಮೊದಲು, ಹೆಸರು ಆಮೇಲೆ. ಕನ್ನಡದ ಮಕ್ಕಳೂ ‘ಒನ್ ಬಸ್ ಕೇಮ್. ಇಟ್ ಕೇಮ್ ಫ್ರಮ್ ಗುಬ್ಬಿ’ ಎಂದು ತುಂಡುತುಂಡಾಗಿ ಬರೆದು ಪಾರಾಗುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಕೆಂಪು ಶಾಯಿ ಬರೆದದ್ದನ್ನು ಮಾತ್ರ ತಿದ್ದಬಲ್ಲದು. ಹೆದರಿ ಬರೆಯದೆ ಬಿಟ್ಟದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಕನ್ನಡ ಮತ್ತು ಸ್ಪ್ಯಾನಿಷ್ ಒಂದಾಗಿ ಇಂಗ್ಲಿಷ್ ಒಂಟಿಯಾಗುವ ಸಂದರ್ಭಗಳೂ ಕಡಿಮೆಯೇನಿಲ್ಲ. ‘ನನಗೆ ಮಾವಿನಹಣ್ಣು ಇಷ್ಟ’ ಎಂಬಲ್ಲಿ ‘ನಾನು’ ಕರ್ತೃವಲ್ಲ. ಇಷ್ಟ ಎಂಬುದು ‘ನನಗೆ’ ಆಗುವ ಒಂದು ಸಂಗತಿ. ಸ್ಪ್ಯಾನಿಷಿನ ‘ಮೆ ಗುಸ್ತಾ’ ಎಂಬ ಮಾತಿನಲ್ಲಿಯೂ ‘ಮೆ’ ಎಂದರೆ ‘ನನಗೆ’ ಎಂದೇ ಅರ್ಥ. ಇಂಗ್ಲಿಷ್ ಮಾತ್ರ ‘ಐ ಲೈಕ್’ ಎಂದು ‘ನಾನು’ವನ್ನು ಕುರ್ಚಿಯ ಮೇಲೆ ಕೂರಿಸುತ್ತದೆ. ಇಂಗ್ಲಿಷ್ ಯಾವಾಗಲೂ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ‘ಮಿಥಿಂಕ್ಸ್’ ಎಂಬ ಹಳೆಯ ಮಾತಿಗೆ ‘ನನಗೆ ಅನ್ನಿಸುತ್ತದೆ’ ಎಂದೇ ಅರ್ಥ, ರಚನೆಯೂ ಅದೇ. ಹುಡುಗನ ಕನ್ನಡ ಇಂಗ್ಲಿಷಿಗೆ ಪರಕೀಯವೆನ್ನುವುದಕ್ಕಿಂತ ಇಂಗ್ಲಿಷ್ ತಾನೇ ಬಿಟ್ಟುಬಂದ ಒಂದು ದಾರಿಯಲ್ಲಿ ಅದಿನ್ನೂ ನಡೆಯುತ್ತಿದೆ ಎನ್ನಬಹುದು.

ಕರ್ತೃಪದವನ್ನು ನುಂಗಿಬಿಡುವುದರಲ್ಲಿಯೂ ಇವೆರಡು ಭಾಷೆಗಳು ಜೊತೆಗಾರರು. ‘ಬರುತ್ತೇನೆ’ ಎಂದರೆ ಸಾಕು, ಬರುವವರು ಯಾರೆಂದು ಕ್ರಿಯಾಪದದ ಬಾಲವೇ ಹೇಳುತ್ತದೆ. ಸ್ಪ್ಯಾನಿಷಿನ ‘ಬೆಂಗೊ’ ಕೂಡ ಹಾಗೆಯೇ. ಬಾಲ ಉದುರಿಹೋದ ಇಂಗ್ಲಿಷಿಗೆ ತಲೆ ಬೇಕೇ ಬೇಕು. ಮಳೆ ಬರುವುದಕ್ಕೂ ಅಲ್ಲಿ ಯಾರಾದರೊಬ್ಬರು ಹೊಣೆ ಹೊರಬೇಕು, ಆದ್ದರಿಂದ ‘ಇಟ್ ಈಸ್ ರೇನಿಂಗ್’. ಆ ‘ಇಟ್’ ಯಾವುದೆಂದು ಕೇಳಿದರೆ ಉತ್ತರವಿಲ್ಲ. ಖಾಲಿ ಜಾಗ ತುಂಬಲು ನಿಲ್ಲಿಸಿದ ಬೆದರುಬೊಂಬೆ ಅದು. ಸ್ಪ್ಯಾನಿಷ್ ಹುಡುಗ ಅದನ್ನು ಮರೆತು ‘ಈಸ್ ರೇನಿಂಗ್’ ಎನ್ನುತ್ತಾನೆ, ಕನ್ನಡದವನು ‘ರೇನ್ ಈಸ್ ಕಮಿಂಗ್’ ಎಂದು ಮಳೆಯನ್ನೇ ಕರೆತರುತ್ತಾನೆ.

‘ಇನ್’, ‘ಆನ್’, ‘ಅಟ್’ ಎಂಬ ಮೂರು ಪುಟ್ಟ ಮಾತುಗಳು ಕಳೆದಿರುವ ಅಂಕಗಳಿಗೆ ಲೆಕ್ಕವಿಲ್ಲ. ಬಸ್ ನಿಲ್ದಾಣದಲ್ಲಿ, ಬಸ್ಸಿನಲ್ಲಿ, ಗುಬ್ಬಿಯಲ್ಲಿ ಎಂಬಲ್ಲೆಲ್ಲ ಕನ್ನಡಕ್ಕೆ ಒಂದೇ ‘ಅಲ್ಲಿ’ ಸಾಕು. ಸ್ಪ್ಯಾನಿಷಿಗೂ ಈ ಮೂರೂ ಕಡೆ ‘ಎನ್’ ಎಂಬ ಒಂದೇ ಮಾತು ಸಾಕು. ಇಂಗ್ಲಿಷ್ ನಿಲ್ದಾಣವನ್ನು ಒಂದು ಬಿಂದುವೆಂದು ಎಣಿಸಿ ‘ಅಟ್’ ಎನ್ನುತ್ತದೆ, ಊರನ್ನು ಆವರಣವೆಂದು ಎಣಿಸಿ ‘ಇನ್’ ಎನ್ನುತ್ತದೆ. ಬಸ್ಸಿಗೆ ಮಾತ್ರ ಒಳಗೆ ಕುಳಿತಿದ್ದರೂ ‘ಆನ್’. ಕಾರಿಗೆ ಮತ್ತೆ ‘ಇನ್’. ಇದಕ್ಕೆ ತರ್ಕ ಹುಡುಕಹೊರಟರೆ ಸ್ವಲ್ಪ ದೂರ ಸಿಗುತ್ತದೆ, ಆಮೇಲೆ ರೂಢಿಯೇ ಗತಿ. ಗ್ರಾಮಾಂತರದ ಬಾಯಲ್ಲಿ ಶಾಲೆ ‘ಇಸ್ಕೂಲು’ ಆಗುವುದನ್ನು ಕೇಳಿ ನಗುವವರಿಗೂ ಒಂದು ಮಾತು: ಸ್ಪ್ಯಾನಿಷ್ ಭಾಷೆಯಲ್ಲಿ ಶಾಲೆಗೆ ‘ಎಸ್ಕ್ವೆಲಾ’ ಎಂದೇ ಹೆಸರು. ಪದದ ಆರಂಭದಲ್ಲಿ ‘ಸ್ಕ’ ಎಂಬ ಒತ್ತನ್ನು ನುಡಿಯಲಾಗದ ನಾಲಗೆ ಎರಡೂ ಕಡೆ ಮುಂದೊಂದು ಸ್ವರವನ್ನು ಇಟ್ಟುಕೊಂಡಿತು. ಅಲ್ಲಿ ಅದು ನಿಘಂಟಿಗೆ ಸೇರಿತು, ಇಲ್ಲಿ ನಗೆಪಾಟಲಾಯಿತು.

‘ಎ’ ಮತ್ತು ‘ದಿ’ಗಳ ವಿಷಯಕ್ಕೆ ಬಂದರೆ ಇಬ್ಬರು ಹುಡುಗರ ದಾರಿ ಬೇರೆಯಾಗುತ್ತದೆ. ಸ್ಪ್ಯಾನಿಷಿನಲ್ಲಿ ಇಂಥ ಪದಗಳು ಧಾರಾಳವಾಗಿರುವುದರಿಂದ ಅವನು ‘ಜೀವನ ಕಷ್ಟ’ ಎನ್ನಲು ‘ದಿ ಲೈಫ್ ಈಸ್ ಹಾರ್ಡ್’ ಎಂದು ಬೇಡದ ಕಡೆಗೂ ‘ದಿ’ ಹಚ್ಚುತ್ತಾನೆ. ಕನ್ನಡದವನು ಬೇಕಾದ ಕಡೆಯೂ ಬಿಡುತ್ತಾನೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಎಂಬುದು ತರಗತಿಯಲ್ಲಿ ಹೇಳುವ ಕಾರಣ. ಅದು ನಿಜವೇ, ಆದರೆ ಪೂರ್ತಿಯಲ್ಲ. ‘ಹುಡುಗಿ ಹೂ ತಂದಳು’ ಎನ್ನುವುದಕ್ಕೂ ‘ಹುಡುಗಿ ಹೂವನ್ನು ತಂದಳು’ ಎನ್ನುವುದಕ್ಕೂ ಕನ್ನಡದ ಕಿವಿಗೆ ವ್ಯತ್ಯಾಸ ಕೇಳುತ್ತದೆ. ಮೊದಲನೆಯದರಲ್ಲಿ ಯಾವುದೋ ಹೂ. ಎರಡನೆಯದರಲ್ಲಿ ಆಗಲೇ ಮಾತಿನಲ್ಲಿ ಬಂದಿರುವ, ಕೇಳುವವನಿಗೂ ಗೊತ್ತಿರುವ ಹೂ. ದ್ವಿತೀಯಾ ವಿಭಕ್ತಿಯ ‘ಅನ್ನು’ ಪ್ರತ್ಯಯ ಇಂಥ ಕಡೆ ‘ದಿ’ ಮಾಡುವ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಎಲ್ಲ ಕಡೆಯೂ ಅಲ್ಲ, ಮನುಷ್ಯವಾಚಕಗಳಲ್ಲಿ ಈ ಆಯ್ಕೆ ಅಷ್ಟು ಸಡಿಲವಲ್ಲ. ಆದರೂ ‘ದಿ’ ಎಂಬುದರ ಹಿಂದಿರುವ ಭಾವನೆ ಕನ್ನಡದ ಮಗುವಿಗೆ ಹೊಸತೇನಲ್ಲ ಎಂದು ತೋರಿಸಲು ಇಷ್ಟು ಸಾಕು.

ಇದನ್ನು ತೋರಿಸಬೇಕಾದವರು ಯಾರು? ಕಡಬದ ಹುಡುಗನಿಗೆ ಒಂದು ಪಿರಿಯಡ್ಡಿನಲ್ಲಿ ಕನ್ನಡ ವ್ಯಾಕರಣ, ಇನ್ನೊಂದರಲ್ಲಿ ಇಂಗ್ಲಿಷ್ ಗ್ರಾಮರ್. ಒಂದರಲ್ಲಿ ವಿಭಕ್ತಿ, ಇನ್ನೊಂದರಲ್ಲಿ ಪ್ರಿಪೊಸಿಷನ್. ಗಂಟೆ ಹೊಡೆದಾಗ ಒಂದು ಪುಸ್ತಕ ಚೀಲ ಸೇರುತ್ತದೆ, ಇನ್ನೊಂದು ಹೊರಬರುತ್ತದೆ. ಎರಡೂ ಒಂದೇ ಮೇಜಿನ ಮೇಲೆ ತೆರೆದುಕೊಳ್ಳುವುದಿಲ್ಲ. ತುಮಕೂರು ಜಿಲ್ಲೆಯ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ಕನ್ನಡದ ಕಟ್ಟನ್ನು ತಿಳಿಯಾಗಿ ವಿವರಿಸಿದ ಪುಸ್ತಕ. ಇದೇ ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡ ಕಾವ್ಯಕ್ಕೆ ಹೊಸ ದಿಕ್ಕು ತೋರಿದವರು. ಎರಡು ಭಾಷೆಗಳನ್ನು ಎದುರುಬದುರು ಕೂರಿಸಿ ಮಾತಾಡಿಸಬಲ್ಲವರು ಈ ನೆಲದಲ್ಲಿ ಇಲ್ಲದಿರಲಿಲ್ಲ. ಆ ಮಾತುಕತೆ ತರಗತಿಯ ಬಾಗಿಲವರೆಗೆ ಬರಲಿಲ್ಲ, ಅಷ್ಟೇ.

ಕನ್ನಡದ ಪಿರಿಯಡ್ಡಿನಲ್ಲಿ ಕಲಿಸುವುದಾದರೂ ಹುಡುಗ ಆಡುವ ಕನ್ನಡವನ್ನೇ ಎಂಬ ಪ್ರಶ್ನೆಯೂ ಇದೆ. ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡದ ಕನ್ನಡಿಗರಿಲ್ಲ; ‘ಗುಬ್ಬಿಯ ದೆಸೆಯಿಂದ ಬಂದೆ’ ಎಂದು ಬಸ್ಸಿಳಿದು ಹೇಳಿದವರೂ ಇಲ್ಲ. ಸಂಸ್ಕೃತದಲ್ಲಿ ವಿಭಕ್ತಿಗಳು ಏಳೆಂದು ಕನ್ನಡಕ್ಕೂ ಏಳು ಬೇಕಾದವು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಹರಿದುಬಂದ ಈ ಅಚ್ಚನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ಡಿ.ಎನ್. ಶಂಕರ ಭಟ್ಟರು, ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬಂದದ್ದು 2000ದಲ್ಲಿ. ಭಟ್ಟರ ವಾದಗಳೆಲ್ಲವನ್ನೂ ಒಪ್ಪದವರೂ ಒಂದನ್ನು ಒಪ್ಪಬೇಕಾಗುತ್ತದೆ. ತನ್ನ ಮಾತು ಹೇಗೆ ನಡೆಯುತ್ತದೆಂದು ತಿಳಿಯದ ಮಗುವಿಗೆ ಇನ್ನೊಂದು ಮಾತಿನ ನಡಿಗೆಯನ್ನು ಅದರೊಡನೆ ಹೋಲಿಸಿ ನೋಡುವುದು ಸಾಧ್ಯವಿಲ್ಲ.

ಹೋಲಿಸಿ ಕಲಿಸುವ ವಿಚಾರ ಜಗತ್ತಿನಲ್ಲಿ ಶಾಸ್ತ್ರವಾಗಿ ಬೆಳೆದದ್ದು ಸ್ಪ್ಯಾನಿಷ್ ಮಾತಿನವರ ನೆಪದಲ್ಲಿಯೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಫ್ರೀಸ್ 1941ರಲ್ಲಿ ತೆರೆದ ಇಂಗ್ಲಿಷ್ ಭಾಷಾ ಸಂಸ್ಥೆಗೆ ಮೊದಲು ಬಂದವರು ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳು. ಅಲ್ಲಿ ಕೆಲಸ ಮಾಡಿದ ರಾಬರ್ಟ್ ಲಾಡೊ ಸ್ಪೇನಿನಿಂದ ವಲಸೆ ಬಂದ ದಂಪತಿಗಳ ಮಗ. ಅಮೆರಿಕದಲ್ಲಿ ಹುಟ್ಟಿ, ಸ್ಪೇನಿನಲ್ಲಿ ಬೆಳೆದು, ಇಪ್ಪತ್ತೊಂದರ ಹರೆಯದಲ್ಲಿ ಹಿಂದಿರುಗಿ ಇಂಗ್ಲಿಷ್ ಕಲಿತವರು. ಎರಡು ಭಾಷೆಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಕಲಿಯುವವನಿಗೆ ಕಷ್ಟ ಕಾದಿರುತ್ತದೆ ಎಂಬ ಅವರ ವಾದದ ಪುಸ್ತಕ 1957ರಲ್ಲಿ ಪ್ರಕಟವಾಗಿ ಬಹಳ ಪ್ರಭಾವ ಬೀರಿತು. ಆದರೆ ಎಲ್ಲ ತಪ್ಪನ್ನೂ ತಾಯ್ನುಡಿಯ ತಲೆಗೆ ಕಟ್ಟಲಾಗದು ಎಂಬುದು ಹತ್ತೇ ವರ್ಷದಲ್ಲಿ ಸ್ಪಷ್ಟವಾಯಿತು. 1967ರಲ್ಲಿ ಪಿಟ್ ಕಾರ್ಡರ್, 1972ರಲ್ಲಿ ಲ್ಯಾರಿ ಸೆಲಿಂಕರ್ ಬರೆದ ಲೇಖನಗಳು ತಪ್ಪನ್ನು ಬೇರೆ ಬೆಳಕಿನಲ್ಲಿ ಇಟ್ಟವು. ಕಲಿಯುವವನು ತನ್ನದೇ ಒಂದು ನಡುಭಾಷೆಯನ್ನು ಕಟ್ಟಿಕೊಳ್ಳುತ್ತಾನೆ. ಅದಕ್ಕೆ ತನ್ನದೇ ನಿಯಮಗಳಿರುತ್ತವೆ. ‘ಗೋ’ ಎಂಬುದರ ಭೂತಕಾಲ ‘ಗೋಡ್’ ಎಂದು ಲಂಡನ್ನಿನ ಮಗುವೂ ಹೇಳುತ್ತದೆ. ‘ಐ ಆಮ್ ನೋಯಿಂಗ್’ ಎಂಬ ಹೆಸರಾಂತ ತಪ್ಪನ್ನೂ ಕನ್ನಡದ ಮೇಲೆ ಹೊರಿಸುವುದು ಸರಿಯಲ್ಲ, ಏಕೆಂದರೆ ‘ಗೊತ್ತು’ ಎಂಬ ಮಾತಿಗೆ ಕನ್ನಡದಲ್ಲಿ ‘ಉತ್ತಿದ್ದೇನೆ’ ಹತ್ತುವುದೇ ಇಲ್ಲ. ತರಗತಿಯಲ್ಲಿ ‘ಇಂಗ್’ ರೂಪವನ್ನು ಅಳತೆಮೀರಿ ತಿದ್ದಿಸಿದ್ದರಿಂದ ಬಂದ ರೋಗವಿರಬಹುದು ಅದು.

ವ್ಯಾಕರಣವನ್ನು ಹೇಳಿಕೊಡಬೇಕೇ ಬೇಡವೇ ಎಂಬ ವಾದ ಜಾಗತಿಕವಾಗಿ ಕಾವೇರಿದ್ದಾಗ ಅದಕ್ಕೆ ಪ್ರಯೋಗಶಾಲೆಯಾದದ್ದು ದಕ್ಷಿಣ ಭಾರತ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ಬೆಂಗಳೂರು ಮತ್ತು ತಮಿಳುನಾಡಿನ ಕೆಲವು ಶಾಲೆಗಳಲ್ಲಿ ವ್ಯಾಕರಣದ ನಿಯಮಗಳನ್ನು ಪಾಠ ಮಾಡುವುದನ್ನೇ ಬಿಟ್ಟು ಮಕ್ಕಳಿಗೆ ರೈಲು ವೇಳಾಪಟ್ಟಿ, ನಕ್ಷೆ ಇಂಥವುಗಳನ್ನು ಕೊಟ್ಟು ಇಂಗ್ಲಿಷಿನಲ್ಲಿ ಸಮಸ್ಯೆ ಬಿಡಿಸಲು ಹೇಳಲಾಯಿತು. ಇಂಥ ರೈಲು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಊರು ಮುಟ್ಟಲು ಎಷ್ಟು ತಡವಾಗುತ್ತದೆ ಎಂಬಂಥ ಪ್ರಶ್ನೆಗಳು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ವ್ಯಾಕರಣ ಬೇಡವೆಂದು ಅವರು ಹೇಳಲಿಲ್ಲ. ಅದನ್ನು ಹೇಳಿಕೊಡುವುದರಿಂದ ಅದು ಬರುವುದಿಲ್ಲ ಎಂದರು. 1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಎಂಬ ತಜ್ಞರು ಪ್ರಕಟಿಸಿದ ಮೌಲ್ಯಮಾಪನ ಎಚ್ಚರಿಕೆಯಿಂದ ಅರ್ಧ ಬೆನ್ನು ತಟ್ಟಿತು: ಪ್ರಯೋಗದ ಮಕ್ಕಳು ತಮ್ಮ ಬಗೆಯ ಪರೀಕ್ಷೆಯಲ್ಲಿ ಮುಂದಿದ್ದರು, ರಚನೆಗಳನ್ನು ತಿದ್ದಿಸಿಕೊಂಡ ಮಕ್ಕಳು ರಚನೆಗಳ ಪರೀಕ್ಷೆಯಲ್ಲಿ ಮುಂದಿದ್ದರು. 1987ರಲ್ಲಿ ಪ್ರಭು ಅವರ ಪುಸ್ತಕ ಹೊರಬಂದ ಮೇಲೆ ಅವರ ಹೆಸರು ಭಾಷಾಬೋಧಕರ ಲೋಕದಲ್ಲೆಲ್ಲ ಕೇಳಿಬಂತು. ಬೆಂಗಳೂರಿಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕಡಬದ ತರಗತಿಗಳಲ್ಲಿ ಮಾತ್ರ ‘ಸೂಕ್ತ ಆರ್ಟಿಕಲ್‌ನಿಂದ ಬಿಟ್ಟ ಸ್ಥಳ ತುಂಬಿರಿ’ ಎಂಬುದೇ ಪರಿಚಿತ ದಾರಿಯಾಗಿ ಉಳಿಯಿತು.

ಪ್ರಭು ಅವರ ದಾರಿಗೆ ಒಂದು ಮಿತಿಯೂ ಇದೆ. ಇಂಗ್ಲಿಷ್ ತಾನಾಗಿ ಒಳಗಿಳಿಯಬೇಕಾದರೆ ಅದು ಕಿವಿಯ ಮೇಲೆ ಸಾಕಷ್ಟು ಬೀಳಬೇಕು. ಬೆಂಗಳೂರಿನ ಮಗುವಿಗೆ ಅಂಗಡಿಯ ಫಲಕದಲ್ಲಿ, ನೆರೆಮನೆಯಲ್ಲಿ ಸಿಗುವ ಇಂಗ್ಲಿಷ್ ಕಡಬದ ಮಗುವಿಗೆ ಆ ಪಿರಿಯಡ್ಡಿನಲ್ಲಿ ಸಿಕ್ಕಷ್ಟೇ. ಹಿಂದೆ ಐದನೆಯ ತರಗತಿಯಲ್ಲಿ ಆರಂಭವಾಗುತ್ತಿದ್ದ ಇಂಗ್ಲಿಷನ್ನು 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಗೇ ತರಲಾಯಿತು. ವರ್ಷಗಳು ಹೆಚ್ಚಿದವು, ದಿನದ ಆ ನಲವತ್ತು ಚಿಲ್ಲರೆ ನಿಮಿಷಗಳು ಹೆಚ್ಚಲಿಲ್ಲ. ಕೇಳುವ ಅವಕಾಶ ಕಡಿಮೆಯಿರುವ ಕಡೆ ತಿಳಿವಳಿಕೆಯ ಆಸರೆ ಹೆಚ್ಚು ಬೇಕು. ಆ ಆಸರೆಗೆ ಮಗುವಿನ ಹತ್ತಿರ ಆಗಲೇ ಇರುವ ಬಂಡವಾಳ ಅದರ ಕನ್ನಡವೊಂದೇ.

ತಪ್ಪಿಗೆ ತೆರಬೇಕಾದ ಬೆಲೆಯೂ ಎಲ್ಲರಿಗೂ ಒಂದೇ ಅಲ್ಲ. ಹಾಸನದಲ್ಲಿ ಹುಟ್ಟಿದ ಕನ್ನಡಿಗ ರಾಜಾರಾವ್ 1938ರ ತಮ್ಮ ‘ಕಾಂತಾಪುರ’ ಕಾದಂಬರಿಯಲ್ಲಿ ಇಂಗ್ಲಿಷನ್ನು ಬೇಕೆಂದೇ ಕನ್ನಡದ ಉಸಿರಿಗೆ ಬಗ್ಗಿಸಿದರು, ಲೋಕ ಮೆಚ್ಚಿತು. ಹೀಗೆ ಬಗ್ಗಿಸುವುದಕ್ಕೆ ನೆಟ್ಟಗಿರುವುದು ಹೇಗೆಂದು ಮೊದಲು ಗೊತ್ತಿರಬೇಕು ಎಂಬುದು ನಿಜ. ಕಡಬದ ಹುಡುಗನಿಗೆ ಆ ಸ್ವಾತಂತ್ರ್ಯವಿಲ್ಲ. ಉದ್ಯೋಗದ ಸಂದರ್ಶನದಲ್ಲಿ ‘ಸಿನ್ಸ್ ಟೆನ್ ಇಯರ್ಸ್’ ಎಂದರೆ ಎದುರಿಗೆ ಕುಳಿತವರಿಗೆ ಅರ್ಥವಾಗದೆ ಇರುವುದಿಲ್ಲ. ಅರ್ಥವಾಗಿಯೂ ಅವನ ಬುದ್ಧಿಯನ್ನೇ ಅಳೆದುಬಿಡುತ್ತಾರೆ.

ಅರ್ಥವೇ ಕೆಡುವ ಸಂದರ್ಭಗಳೂ ಉಂಟು. ‘ಮಾತ್ರೆ ತೆಗೆದುಕೊಂಡಿಲ್ಲವೇ?’ ಎಂದು ಕೇಳಿದರೆ ತೆಗೆದುಕೊಳ್ಳದ ಕನ್ನಡಿಗ ‘ಹೌದು’ ಎನ್ನಬಹುದು. ಕೇಳಿದವರು ಹೇಳಿದ್ದನ್ನು ಒಪ್ಪಿದೆ, ತೆಗೆದುಕೊಂಡಿಲ್ಲ ಎಂದು ಅದರ ಭಾವ. ಜಪಾನಿಯವರೂ ಹೀಗೆಯೇ ಹೇಳುತ್ತಾರೆ. ಇಂಗ್ಲಿಷ್ ಪ್ರಶ್ನೆಯ ರೂಪವನ್ನು ನೋಡುವುದಿಲ್ಲ, ನಡೆದ ಸಂಗತಿಯನ್ನು ನೋಡುತ್ತದೆ. ತೆಗೆದುಕೊಂಡಿಲ್ಲವಾದರೆ ಅದಕ್ಕೆ ‘ನೋ’ ಬೇಕು. ಇಲ್ಲಿ ಸ್ಪ್ಯಾನಿಷ್ ಹುಡುಗ ಇಂಗ್ಲಿಷಿನ ಪಕ್ಷದಲ್ಲಿದ್ದಾನೆ. ಕಡಬದ ಹುಡುಗ ನಾಳೆ ದೂರದ ನಗರವೊಂದರ ಆಸ್ಪತ್ರೆಯಲ್ಲಿ ಮಲಗಿ, ಕನ್ನಡ ಬಾರದ ವೈದ್ಯರು ಇಂಗ್ಲಿಷಿನಲ್ಲಿ ಇದೇ ಪ್ರಶ್ನೆ ಕೇಳಿದಾಗ ‘ಯೆಸ್’ ಎಂದರೆ, ಅವರು ಮಾತ್ರೆ ಹೊಟ್ಟೆ ಸೇರಿದೆಯೆಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಾರೆ.